ಅಮ್ಮನ ಕಾಲಿನ ಪಟ್ಟಿ

ಮೂರನೇ ಸೆಮಿಸ್ಟರ್‌ನಲ್ಲಿ ಒಂದು ರಾತ್ರಿ ನನ್ನ ರೂಮ್‌ಮೇಟ್, ಮಾಲೂರಿನವನು, ಎದ್ದು ಲೈಟ್ ಹಾಕಿ ಕೇಳಿದ: "ಲೋ, ಮಂಚ ಅಲ್ಲಾಡಿಸೋದು ನಿಲ್ಲಿಸ್ತೀಯೋ ಇಲ್ವೋ?"

ನಾನೇನು ಬೇಕಂತ ಅಲ್ಲಾಡಿಸ್ತಿರಲಿಲ್ಲ. ಮಲಗಿ ಹತ್ತು ನಿಮಿಷಕ್ಕೆ ಮೀನಖಂಡದೊಳಗೆ ಏನೋ ಹರಿದಾಡಿದ ಹಾಗೆ, ಸೋಡಾ ಗುಳ್ಳೆ ಎದ್ದ ಹಾಗೆ. ನೋವು ಅನ್ನೋ ಹಾಗಿಲ್ಲ, ಕಾಲು ಆಡಿಸದೆ ಇರೋಕೂ ಆಗಲ್ಲ. ಎದ್ದು ಕಾರಿಡಾರ್‌ನಲ್ಲಿ ನಡೆದರೆ ಹೋಗುತ್ತೆ, ಮಲಗಿದರೆ ಮತ್ತೆ ಬರುತ್ತೆ. ಹಗಲು ಲ್ಯಾಬ್‌ನಲ್ಲಿ ಮೂರು ಗಂಟೆ ನಿಂತರೂ ಏನೂ ಇಲ್ಲ. ಶನಿವಾರ ರಾತ್ರಿ ಊರಿನ ಬಸ್ಸಲ್ಲಿ ಕೋಲಾರ ದಾಟೋಷ್ಟರಲ್ಲಿ ಕೂತಿರೋಕೆ ಆಗದೆ ಸೀಟು ಯಾರಿಗಾದರೂ ಬಿಟ್ಟುಕೊಟ್ಟು ಶ್ರೀನಿವಾಸಪುರದ ತನಕ ನಿಂತೇ ಹೋಗ್ತಿದ್ದೆ. ಒಳ್ಳೆ ಹುಡುಗ ಅಂತ ಹೆಸರೂ ಬಂತು.

ಈ ರಾತ್ರಿ ನಡಿಗೆ ನಾನು ಮನೇಲಿ ನೋಡಿದ್ದೆ. ಚಿಕ್ಕವನಿದ್ದಾಗ ಯಾವಾಗ ಎಚ್ಚರ ಆದರೂ ಅಮ್ಮ ಪಡಸಾಲೆಯಲ್ಲಿ ಓಡಾಡ್ತಿರೋಳು. ಹಳೇ ಸೀರೆ ಹರಿದ ಪಟ್ಟಿಯನ್ನ ಎರಡೂ ಕಾಲಿಗೆ, ಮೊಣಕಾಲಿನ ಕೆಳಗೆ, ಬಿಗಿಯಾಗಿ ಕಟ್ಟಿಕೊಂಡಿರೋಳು. ಬೆಳಿಗ್ಗೆ ಐದಕ್ಕೆ ಹಾಲು ಕರೆದು ಡೈರಿಗೆ ಹಾಕಿ, ಆಮೇಲೆ ಟೊಮ್ಯಾಟೊ ತೋಟ. ಕೆಲಸ ಜಾಸ್ತಿ, ಅದಕ್ಕೇ ಕಾಲು ಎಳೆತ ಅಂತ ಎಲ್ಲರೂ ಅಂದುಕೊಂಡಿದ್ವಿ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ ಹಿಂದಿನ ರಾತ್ರಿ ನಾನು "ಒಂದು ಕಡೆ ಬಿದ್ಕೊಳ್ಳಮ್ಮ, ನಿನ್ನ ಸದ್ದಿಗೆ ನಿದ್ದೆ ಬರ್ತಿಲ್ಲ" ಅಂತ ರೇಗಿದೆ. ಅಮ್ಮ ಏನೂ ಅನ್ನದೆ ಬಾಗಿಲು ತೆಗೆದು ಕೊಟ್ಟಿಗೆ ಕಡೆ ಹೋದಳು. ಎಷ್ಟು ಹೊತ್ತಿಗೆ ಒಳಗೆ ಬಂದಳೋ ಗೊತ್ತಿಲ್ಲ, ನಾನು ಮಲಗಿಬಿಟ್ಟಿದ್ದೆ.

ಕ್ಯಾಂಪಸ್ ಡಾಕ್ಟರ್ ನನ್ನ ಕಥೆ ಕೇಳಿ ಎರಡೇ ಪ್ರಶ್ನೆ ಹಾಕಿದರು. ಮನೇಲಿ ಯಾರಿಗಾದರೂ ಇದೆಯಾ? ರಕ್ತದಾನ ಮಾಡ್ತೀಯಾ? ಎರಡಕ್ಕೂ ಹೌದು. ಹಿಮೋಗ್ಲೋಬಿನ್ 13.6 ಇದೆ ಸಾರ್, ಕ್ಯಾಂಪಿನಲ್ಲಿ ಪ್ರತಿ ಸಲ ಪಾಸ್ ಆಗ್ತೀನಿ ಅಂದೆ. ಅವರು ಚೀಟಿಯಲ್ಲಿ 'ಫೆರಿಟಿನ್' ಅಂತ ಬರೆದರು. ರಿಪೋರ್ಟ್ ಬಂತು: 21. ಲ್ಯಾಬಿನವರ ಲೆಕ್ಕದಲ್ಲಿ ಅದು ನಾರ್ಮಲ್ ಗೆರೆಯ ಮೇಲೇ ಇತ್ತು, ದಪ್ಪ ಅಕ್ಷರದಲ್ಲೂ ಇರಲಿಲ್ಲ. ಡಾಕ್ಟರ್ ಅದಕ್ಕೆ ಪೆನ್ನಲ್ಲಿ ಸುತ್ತು ಹಾಕಿದರು. ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಇರೋರಿಗೆ 75ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಟ್ಟು ನೋಡ್ತಾರಂತೆ.

ಹಿಮೋಗ್ಲೋಬಿನ್ ಅಂದರೆ ನಲ್ಲಿಯಲ್ಲಿ ಬರೋ ನೀರು, ಫೆರಿಟಿನ್ ಅಂದರೆ ಮೇಲಿನ ಟ್ಯಾಂಕ್. ಟ್ಯಾಂಕ್ ತಳ ಕಾಣೋವರೆಗೂ ನಲ್ಲೀಲಿ ನೀರು ಬರ್ತಾನೇ ಇರುತ್ತೆ. ನಾನು ರೂಮಿಗೆ ಬಂದು ಲೆಕ್ಕ ಹಾಕಿದೆ. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ ಸುಮಾರು 3.4 ಮಿಲಿಗ್ರಾಂ ಕಬ್ಬಿಣ. 350 ಮಿಲಿಲೀಟರ್ ರಕ್ತ ಕೊಟ್ಟರೆ ಹೋಗೋದು ಸುಮಾರು 160 ಮಿಲಿಗ್ರಾಂ. ವರ್ಷಕ್ಕೆ ಮೂರು ಸಲ ಅಂದರೆ 480. ಊಟದಿಂದ ಮೈಗೆ ಹತ್ತೋದು ದಿನಕ್ಕೆ 1ರಿಂದ 2 ಮಿಲಿಗ್ರಾಂ, ಅದರಲ್ಲಿ 1 ಮಾಮೂಲಿ ಖರ್ಚಿಗೇ ಸರಿ. ಎಷ್ಟೇ ಉಳಿಸಿದರೂ ವರ್ಷಕ್ಕೆ 365. ಟ್ಯಾಂಕ್ ಖಾಲಿಯಾಗದೆ ಇನ್ನೇನಾಗುತ್ತೆ? (ರಕ್ತ ಕೊಡಬೇಡಿ ಅಂತ ಅಲ್ಲ. ನಾನೂ ಮತ್ತೆ ಕೊಡ್ತೀನಿ, ಗ್ಯಾಪ್ ಬಿಟ್ಟು.)

ಕಾಲಿಗೂ ಕಬ್ಬಿಣಕ್ಕೂ ಏನು ಸಂಬಂಧ ಅಂದರೆ, ತೊಂದರೆ ಇರೋದು ಕಾಲಲ್ಲಿ ಅಲ್ಲ, ಮಿದುಳಲ್ಲಿ. ಅಲ್ಲಿ ಡೋಪಮಿನ್ ತಯಾರು ಮಾಡೋ ಕಿಣ್ವಕ್ಕೆ ಕಬ್ಬಿಣ ಬೇಕು. ಸಂಜೆ ಮೇಲೆ ಡೋಪಮಿನ್ ಹೇಗೂ ಇಳಿಯುತ್ತೆ, ಅದಕ್ಕೇ ಕಾಟ ರಾತ್ರಿಗೆ. ಸ್ವೀಡನ್ನಿನ ಎಕ್‌ಬಾಮ್ ಅನ್ನೋ ವೈದ್ಯರು 1945ರಲ್ಲಿ ಈ ಕಾಯಿಲೆ ಬಗ್ಗೆ ವಿವರವಾಗಿ ಬರೆದರು. ಅದೇ ದೇಶದ ನಾರ್ಡ್‌ಲ್ಯಾಂಡರ್ 1953ರಲ್ಲೇ ಕಬ್ಬಿಣದ ಇಂಜೆಕ್ಷನ್ ಕೊಟ್ಟು ರೋಗಿಗಳ ಕಾಲು ಸುಮ್ಮನಾಗಿಸಿದ್ದರು. ನಮ್ಮೂರಲ್ಲಿ ಇನ್ನೂ ಸೀರೆ ಪಟ್ಟಿ.

ಆ ಶನಿವಾರ ಅಮ್ಮನಿಗೆ ಹೇಳಿದೆ. "ಅದೇನು ರೋಗ ಬಿಡಪ್ಪ, ನಮ್ಮಮ್ಮನಿಗೂ ಇತ್ತು, ಮುಳಬಾಗಿಲ ನಿಮ್ಮ ದೊಡ್ಡಮ್ಮಂಗೂ ಅದೆ" ಅಂದಳು. ಮನೆತನದಲ್ಲಿ ಬರುತ್ತೆ ಅಂತ ಡಾಕ್ಟರ್ ಹೇಳಿದ್ದೂ ಅದನ್ನೇ. ಒಪ್ಪಿಸಿ ಕೋಲಾರಕ್ಕೆ ಕರ್ಕೊಂಡು ಹೋದೆ. ಹಿಮೋಗ್ಲೋಬಿನ್ 10.8, ಫೆರಿಟಿನ್ 9. ತಿಂಗಳ ಮುಟ್ಟು ಎಷ್ಟು ದಿನ ಹೋಗುತ್ತೆ ಅಂತ ಡಾಕ್ಟರಮ್ಮ ಕೇಳಿದಾಗ ಅಮ್ಮ ನನ್ನನ್ನ ಹೊರಗೆ ಕಳಿಸಿದಳು. ಆಚೆ ಬಂದಾಗ ಕೈಯಲ್ಲಿ ಸ್ಕ್ಯಾನಿಂಗ್ ಚೀಟಿ ಇತ್ತು. ಎಷ್ಟು ವರ್ಷದಿಂದ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಬಸ್ಸಲ್ಲಿ ಮಾತ್ರ ಒಂದೇ ವಾದ: "ದಿನಾ ಮುದ್ದೆ, ಬಸ್ಸಾರು, ಬೆರಕೆ ಸೊಪ್ಪು ತಿನ್ನೋರಿಗೆ ಕಬ್ಬಿಣ ಕಮ್ಮಿನಾ?" ಸೊಪ್ಪಿನ ಕಬ್ಬಿಣ ಮೈಗೆ ಹತ್ತೋದೇ ಸ್ವಲ್ಪ, ರಾಗಿಯಲ್ಲಿರೋ ಫೈಟೇಟ್, ಟ್ಯಾನಿನ್ ಅದನ್ನೂ ಹಿಡಿದಿಟ್ಟುಕೊಳ್ಳುತ್ತೆ, ಊಟ ಆದ ಕೂಡಲೇ ಕುಡಿಯೋ ಟೀ ಮಿಕ್ಕಿದ್ದನ್ನ ನೋಡಿಕೊಳ್ಳುತ್ತೆ. ನಿಂಬೆಹಣ್ಣು ಹಿಂಡಿದರೆ ವಾಸಿ. ನಾನು ಬುದ್ಧಿ ಹೇಳಿದ್ದೇ ಹೇಳಿದ್ದು. ಹೈಸ್ಕೂಲಲ್ಲಿ ಸೋಮವಾರ ಕೊಡ್ತಿದ್ದ 60 ಮಿಲಿಗ್ರಾಂ ಕಬ್ಬಿಣದ ನೀಲಿ ಮಾತ್ರೆಯನ್ನ ಕಾಂಪೌಂಡ್ ಆಚೆ ಎಸೀತಿದ್ದವನು ನಾನೇ.

ಈಗ ಇಬ್ಬರದ್ದೂ ಮಾತ್ರೆ ದಿನ ಬಿಟ್ಟು ದಿನ. ದಿನಾ ನುಂಗಿದರೆ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಏರಿ, ಮಾರನೇ ದಿನದ ಕಬ್ಬಿಣವನ್ನ ಕರುಳು ಸರಿಯಾಗಿ ಒಳಗೆ ಬಿಡಲ್ಲ. ಟೆಸ್ಟ್ ಇಲ್ಲದೆ ಮೆಡಿಕಲ್ ಸ್ಟೋರ್‌ನಿಂದ ತಂದು ನುಂಗಬೇಡಿ, ಜಾಸ್ತಿಯಾದ ಕಬ್ಬಿಣವನ್ನ ಆಚೆ ಹಾಕೋಕೆ ಮೈಗೆ ದಾರಿಯಿಲ್ಲ. ಮಲ ಕಪ್ಪಗಾಗುತ್ತೆ ಅಂತ ಅಮ್ಮನಿಗೆ ಮೊದಲೇ ಹೇಳಿರಲಿಲ್ಲ, ಗಾಬರಿಯಾಗಿ ಕ್ಲಾಸ್ ನಡೆಯುವಾಗಲೇ ಫೋನ್ ಮಾಡಿದ್ದಳು.

ನಾಲ್ಕು ತಿಂಗಳಾಯಿತು. ನನ್ನದು 46, ವಾರಕ್ಕೊಂದು ರಾತ್ರಿ ಕಾಟ. ಅಮ್ಮನದು 24, ಪಟ್ಟಿ ಇನ್ನೂ ದಿಂಬಿನ ಕೆಳಗಿದೆ. ಹೋದ ವಾರ ಮುಳಬಾಗಿಲಿಂದ ದೊಡ್ಡಮ್ಮ ಫೋನ್ ಮಾಡಿದರು: "ಅದೇನೋ ಟೆಸ್ಟಂತಲ್ಲಪ್ಪ, ನನಗೂ ಒಂದ್ಸಲ ಮಾಡಿಸ್ತೀಯಾ?" ಸೋಮವಾರ ಕೋಲಾರ ಬಸ್ ಸ್ಟ್ಯಾಂಡಿಗೆ ಬರೋಕೆ ಹೇಳಿದ್ದೀನಿ.