ಮರಳಿನಲ್ಲಿ ಹೂತುಹೋದ ವೈದ್ಯ



ಈ ಸಂಚಿಕೆಗೆ ಆರೋಗ್ಯದ ಬಗ್ಗೆ ಏನಾದರೂ ಬರೆಯಬೇಕೆಂದು ಸಂಪಾದಕ ಮಿತ್ರರು ಕೇಳಿದ್ದರು. ಬರೆಯಲು ಕುಳಿತಾಗ ಅದು ವಾಹನದ ಲೇಖನವಾಯಿತು. ಕಾರಣವನ್ನು ಮೊದಲು ಹೇಳಿಬಿಡುತ್ತೇನೆ.

ಕಳೆದ ಚಳಿಗಾಲದಲ್ಲಿ ಶಾರ್ಜಾದ ಮ್ಲೈಹಾ ಸಮೀಪದ ಮರಳುದಿಬ್ಬಗಳ ನಡುವೆ ನಮ್ಮ ಕುಟುಂಬಗಳು ಒಂದು ಸಂಜೆ ಸೇರಿದ್ದವು. ಪ್ರಥಮ ಚಿಕಿತ್ಸೆಯ ಹೊಣೆ ಎಂದಿನಂತೆ ನನ್ನದು. ಔಷಧಿಯ ಪೆಟ್ಟಿಗೆ ನನ್ನ ಲೆಕ್ಸಸ್ ಎಲ್‌ಎಕ್ಸ್ 570 ಗಾಡಿಯಲ್ಲಿತ್ತು. ಎಲ್ಲರೂ ಗಟ್ಟಿ ನೆಲದ ದಾರಿಯಲ್ಲಿ ಹೋದರು. ನಾನು ಮಗನ ಆಸೆಗೆ ಮಣಿದು, ಹಾಸನದ ಕಡೆಯ ಹಿರಿಯ ಸದಸ್ಯರೊಬ್ಬರ ಹಳೆಯ ನಿಸಾನ್ ಪಟ್ರೋಲ್ ಹಿಂದೆ ದಿಬ್ಬಗಳ ದಾರಿ ಹಿಡಿದೆ. ಮೂರನೆಯ ದಿಬ್ಬದಲ್ಲಿ ಗಾಡಿ ನಿಂತಿತು. ಆಕ್ಸಿಲರೇಟರ್ ಒತ್ತಿದೆ, ನಾಲ್ಕೂ ಚಕ್ರಗಳು ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡವು. ಎರಡೂವರೆ ಟನ್‌ಗೂ ಹೆಚ್ಚು ತೂಕದ ಗಾಡಿ ಹೊಟ್ಟೆಯ ಮೇಲೆ ಕುಳಿತುಬಿಟ್ಟಿತು.

ಆಗಲೇ ಫೋನ್ ಬಂತು. ಊರಿನಿಂದ ಬಂದಿದ್ದ ಸದಸ್ಯರೊಬ್ಬರ ತಂದೆಯವರು ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡು ಊಟ ತಡಮಾಡಿದ್ದರು. "ಡಾಕ್ಟ್ರೇ, ಅಪ್ಪ ಏನೇನೋ ಮಾತಾಡ್ತಿದ್ದಾರೆ, ಮೈಯೆಲ್ಲಾ ತಣ್ಣಗೆ ಬೆವರಿದೆ, ಬೇಗ ಬನ್ನಿ." ಗ್ಲುಕೋಮೀಟರ್, ಗ್ಲೂಕೋಸ್, ಸೂಜಿ ಎಲ್ಲವೂ ನನ್ನ ಬಳಿಯೇ ಇದ್ದವು. ನಾನು ಮಾತ್ರ ಎರಡು ಕಿಲೋಮೀಟರ್ ದೂರದಲ್ಲಿ ಮಂಡಿಯೂರಿ ಕೈಯಿಂದ ಮರಳು ಬಗೆಯುತ್ತಿದ್ದೆ.

"ನೀರು ನುಂಗುತ್ತಾರೆಯೇ?" ಎಂದು ಕೇಳಿದೆ. ನುಂಗುತ್ತಾರೆ ಎಂದರು. ನಾಲ್ಕು ಚಮಚ ಸಕ್ಕರೆ ಕದಡಿ ಕುಡಿಸಿ, ಆಮೇಲೆ ಚಿತ್ರಾನ್ನವನ್ನೋ ಬಾಳೆಹಣ್ಣನ್ನೋ ಕೊಡಿ ಎಂದೆ. ಹದಿನೈದು ನಿಮಿಷಗಳ ನಂತರ ಹಿರಿಯರು ಮಗನನ್ನು ಗದರಿಸುವಷ್ಟು ಚೇತರಿಸಿಕೊಂಡರು. ಅವರು ಪ್ರಜ್ಞೆ ತಪ್ಪಿದ್ದರೆ ಸಕ್ಕರೆ ನೀರು ಕುಡಿಸುವಂತಿರಲಿಲ್ಲ; ನಾನೇ ಅಲ್ಲಿರಬೇಕಿತ್ತು. ಆ ಹದಿನೈದು ನಿಮಿಷಗಳನ್ನು ನಾನು ಈಗಲೂ ಮರೆತಿಲ್ಲ.

ಅಷ್ಟರಲ್ಲಿ ಪಟ್ರೋಲ್ ಹಿಂದಿರುಗಿತು. ಹಾಸನದ ಹಿರಿಯರು ನನ್ನ ಟೈರನ್ನು ಒಮ್ಮೆ ಒದ್ದು ನೋಡಿ, "ಡಾಕ್ಟ್ರೇ, ಗಾಡಿಗೆ ಬಿ.ಪಿ. ಜಾಸ್ತಿಯಾಗಿದೆ, ಮೊದಲು ಅದನ್ನ ಇಳಿಸಿ" ಎಂದರು.

ರೋಗನಿದಾನ ಸರಿಯಾಗಿತ್ತು. ಡಾಂಬರು ರಸ್ತೆಗೆ 35 ಪಿಎಸ್ಐ ಒತ್ತಡವಿದ್ದರೆ ಮರಳಿಗೆ 15ರಿಂದ 18 ಸಾಕು. ಗಾಳಿ ಇಳಿದಾಗ ಟೈರಿನ ಪಾದ ಉದ್ದವಾಗಿ, ಭಾರವು ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ನಾನು 28ಕ್ಕೆ ನಿಲ್ಲಿಸಿದ್ದೆ. ಅಂದಕ್ಕೆಂದು ಹಾಕಿಸಿದ್ದ 21 ಇಂಚಿನ ರಿಮ್ ಹಾಳಾದೀತೆಂಬ ಭಯ. ಆ ಭಯವೂ ಸುಳ್ಳಲ್ಲ: 275/50 ಅಳತೆಯ ಆ ಟೈರಿನ ಪಕ್ಕದ ಗೋಡೆ ಸುಮಾರು 14 ಸೆಂಟಿಮೀಟರ್ ಮಾತ್ರ.

ಆದ್ದರಿಂದ ಮೊದಲ ಮಾರ್ಪಾಡು ಚಕ್ರದ್ದೇ ಆಯಿತು. ಲ್ಯಾಂಡ್ ಕ್ರೂಸರ್ 200ರ 18 ಇಂಚಿನ ರಿಮ್ ನನ್ನ ಗಾಡಿಗೂ ಹೊಂದುತ್ತದೆ. ಅದಕ್ಕೆ 285/60 ಟೈರ್ ಹಾಕಿದರೆ ಗೋಡೆ 17 ಸೆಂಟಿಮೀಟರ್ ಆಗುತ್ತದೆ. ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಎರಡನೆಯದು ಸೇರಿಸುವ ಕೆಲಸವಲ್ಲ, ತೆಗೆಯುವ ಕೆಲಸ. ಅಂಗಡಿಯೊಂದರಲ್ಲಿ ನಾನೇ ಹಣ ಕೊಟ್ಟು ಹಾಕಿಸಿದ್ದ, ಬಂಪರಿನ ಕೆಳಗಿನ ಅಲಂಕಾರವನ್ನೂ ಪಕ್ಕದ ಹೊಳೆಯುವ ಮೆಟ್ಟಿಲುಗಳನ್ನೂ ಬಿಚ್ಚಿಸಿದೆ. ಅಂದು ಮರಳಿಗೆ ಮೊದಲು ತಾಗಿದ್ದು ಅವೇ.

ಮೂರನೆಯದು ಜೀವಕ್ಕೆ ಸಂಬಂಧಿಸಿದ್ದು. ಹಡಗಿನಲ್ಲಿ ಗಾಡಿಯನ್ನು ಬಿಗಿದು ಸಾಗಿಸಲೆಂದು ಇರುವ ಕೊಂಡಿಗೆ ಹಗ್ಗ ಕಟ್ಟಿ ಎಳೆಯಬಾರದು. ಟ್ರೇಲರ್ ಎಳೆಯುವ ಗುಂಡಿಗಂತೂ ಎಂದಿಗೂ ಕಟ್ಟಬಾರದು. ಅದು ಮುರಿದು ಗುಂಡಿನಂತೆ ಹಾರಿ ಜನ ಸತ್ತ ಪ್ರಕರಣಗಳಿವೆ. ಭಾರಕ್ಕೆ ತಕ್ಕ ಎಳೆಕೊಂಡಿಗಳನ್ನು ಹಿಂದೆ ಮುಂದೆ ಚಾಸಿಗೇ ಬೋಲ್ಟ್ ಮಾಡಿಸಬೇಕು. ಹಿಗ್ಗುವ ಹಗ್ಗದಿಂದ ಎಳೆಯುವಾಗ ಮಕ್ಕಳಿರಲಿ ದೊಡ್ಡವರಿರಲಿ, ಯಾರೂ ಹತ್ತಿರ ನಿಲ್ಲಬಾರದು.

ಉಳಿದವು ಡಿಕ್ಕಿಯಲ್ಲಿ ಹಿಡಿಸುವ ವಸ್ತುಗಳು: ಬ್ಯಾಟರಿಗೆ ನೇರ ಜೋಡಿಸುವ ಗಾಳಿ ಪಂಪು, ಒತ್ತಡ ಅಳೆಯುವ ಮೀಟರು, ಚಕ್ರದಡಿ ಹಾಕುವ ಎರಡು ಹಲಗೆ, ಸಲಿಕೆ, ದಿಬ್ಬದಾಚೆಯವರಿಗೂ ಕಾಣುವ ಎತ್ತರದ ಬಾವುಟ, ಸಾಕಷ್ಟು ನೀರು. ಹಿಂದಿರುಗುವಾಗ ಹೆದ್ದಾರಿ ಸೇರುವ ಮೊದಲು ಗಾಳಿ ತುಂಬಿಸಲೇಬೇಕು. ಇಲ್ಲದಿದ್ದರೆ ವೇಗದ ಬಿಸಿಗೆ ಟೈರ್ ಸಿಡಿಯಬಹುದು.

ಗಾಡಿಯನ್ನು ಎತ್ತರಿಸುವುದು, ಛಾವಣಿಯ ಮೇಲೆ ಭಾರದ ಕ್ಯಾರಿಯರ್ ಹಾಕುವುದು ನನಗೆ ಬೇಕೆನಿಸಲಿಲ್ಲ. ಭಾರ ಮೇಲೇರಿದಷ್ಟೂ ಇಳಿಜಾರಿನಲ್ಲಿ ಮಗುಚುವ ಅಪಾಯ ಹೆಚ್ಚು. ಸಾಲದ್ದಕ್ಕೆ, ಎಂಜಿನ್ ಅಥವಾ ಚಾಸಿಯನ್ನು ಅನುಮತಿಯಿಲ್ಲದೆ ಬದಲಿಸುವುದು ಈ ದೇಶದಲ್ಲಿ ದಂಡನೀಯ. ಕಡಿಮೆ ಔಷಧಿಯಲ್ಲಿ ಗುಣವಾಗುವ ರೋಗಕ್ಕೆ ಶಸ್ತ್ರಚಿಕಿತ್ಸೆ ಏಕೆ?

ಇಷ್ಟೆಲ್ಲ ಮಾಡಿದ ಮೇಲೆ ಇನ್ನೊಂದು ಬದಲಾವಣೆಯನ್ನೂ ಮಾಡಿದ್ದೇನೆ. ಇನ್ನು ಮುಂದೆ ಔಷಧಿಯ ಪೆಟ್ಟಿಗೆಗಳು ಎರಡು. ಒಂದು ನನ್ನ ಗಾಡಿಯಲ್ಲಿ, ಇನ್ನೊಂದು ಗಟ್ಟಿ ನೆಲದ ದಾರಿಯಲ್ಲಿ ಹೋಗುವ ಅಡುಗೆಯ ವ್ಯಾನಿನಲ್ಲಿ. ಮುಂದಿನ ವಿಹಾರಕ್ಕೆ ಹಿರಿಯರನ್ನು ಕರೆತರುವವರು ಅವರು ಸೇವಿಸುವ ಮಾತ್ರೆಗಳ ಪಟ್ಟಿಯನ್ನು ನನಗೆ ಮುಂಚಿತವಾಗಿ ಕಳುಹಿಸಬೇಕೆಂದು ವಿನಂತಿ. ದಿಬ್ಬ ಹತ್ತಲು ಬಯಸುವವರು ಒಂದು ಗಂಟೆ ಮೊದಲೇ ಬನ್ನಿ. ಹಾಸನದ ಹಿರಿಯರೂ ನಾನೂ ನಿಮ್ಮ ಗಾಡಿಗಳ ಬಿ.ಪಿ. ನೋಡುತ್ತೇವೆ.