ಎರಡನೆಯ ಹೆಸರು

2014ರ ಅಕ್ಟೋಬರ್ 11ರಂದು ಅಮೆರಿಕದ ಮಿಸ್ಸೌರಿ ರಾಜ್ಯದ ಕೊಲಂಬಿಯಾದಲ್ಲಿ ಹದಿನೆಂಟರ ಹರೆಯದ ಹುಡುಗನೊಬ್ಬ ಒಂದೇ ಆಟದಲ್ಲಿ 38 ಬಾರಿ ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ನಡುವೆ ನುಗ್ಗಿದನು. ಅವನ ಹೆಸರು ನಿಕ್ ಚಬ್. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿ. ಆಟವನ್ನು ಆರಂಭಿಸುವ ಹನ್ನೊಂದು ಮಂದಿಯಲ್ಲಿ ಒಬ್ಬನಾಗಿ ಅವನು ಕಣಕ್ಕಿಳಿದದ್ದು ಅದೇ ಮೊದಲು. ಅಂದು ಅವನು ಕ್ರಮಿಸಿದ್ದು 143 ಗಜ; ಜಾರ್ಜಿಯಾ 34–0ರಿಂದ ಗೆದ್ದಿತು. ಋತುವಿನ ಆರಂಭದಲ್ಲಿ ಅದೇ ಸ್ಥಾನಕ್ಕೆ ಹೆಸರಾಂತ ಇಬ್ಬರು ಹಿರಿಯರಿದ್ದರು. ಅವನ ಜೊತೆಗೇ ಸೇರಿದ ಇನ್ನೊಬ್ಬ ಸಮವಯಸ್ಕನೂ ಇದ್ದನು. ಅಕ್ಟೋಬರಿನ ಹೊತ್ತಿಗೆ ಹಿರಿಯರಲ್ಲಿ ಒಬ್ಬನು ಗಾಯಗೊಂಡು ಹೊರಗುಳಿದಿದ್ದನು, ಸಮವಯಸ್ಕನ ಹೆಗಲ ಮೂಳೆ ಮುರಿದಿತ್ತು, ಇನ್ನೊಬ್ಬ ಹಿರಿಯನನ್ನು ಎರಡು ದಿನಗಳ ಹಿಂದಷ್ಟೇ ಅಮಾನತಿನಲ್ಲಿಡಲಾಗಿತ್ತು. ಹಾಗಾಗಿ 38 ಎಂಬ ಆ ಸಂಖ್ಯೆಯಲ್ಲಿ ಚಬ್‌ನ ಸಾಮರ್ಥ್ಯ ಎಷ್ಟಿದೆಯೋ ತಂಡದ ಇಕ್ಕಟ್ಟೂ ಅಷ್ಟೇ ಇದೆ.

ಅಮೆರಿಕದವರು ಫುಟ್ಬಾಲ್ ಎನ್ನುವುದು ಕಾಸರಗೋಡಿನ ಬಯಲುಗಳಲ್ಲಿ ಏಳೇಳು ಮಂದಿ ಕೂಡಿ ಆಡುವ ಕಾಲ್ಚೆಂಡಲ್ಲ. ಅಲ್ಲಿನ ಚೆಂಡಿನ ಎರಡು ತುದಿಗಳೂ ಚೂಪು. ಅದನ್ನು ಕಾಲಿನಿಂದ ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೂ ಎಸೆಯುವುದೂ ಹೆಚ್ಚು. ನೂರು ಗಜದ ಅಂಗಳ. ಹತ್ತು ಗಜ ಮುಂದುವರಿಯಲು ನಾಲ್ಕು ಅವಕಾಶ. ತಂಡದ ಸೂತ್ರಧಾರನಾದ ಕ್ವಾರ್ಟರ್‌ಬ್ಯಾಕ್‌ನ ಹಿಂದೆಯೋ ಪಕ್ಕದಲ್ಲೋ ನಿಂತು, ಅವನ ಕೈಯಿಂದ ಚೆಂಡನ್ನು ಪಡೆದು, ದೈತ್ಯದೇಹಿಗಳ ನಡುವಿನ ಸಂದಿಯಲ್ಲಿ ನುಸುಳಿ ಓಡುವವನೇ ರನ್ನಿಂಗ್ ಬ್ಯಾಕ್. ಓಟಗಾರ ಎಂಬ ಹೆಸರಿದ್ದರೂ ಅವನ ಕೆಲಸದ ಹೆಚ್ಚಿನ ಪಾಲು ಬೀಳುವುದು, ಬಿದ್ದಲ್ಲಿಂದ ಏಳುವುದು. ಪ್ರತಿ ಓಟವೂ ಒಂದು ಡಿಕ್ಕಿಯಲ್ಲಿ ಮುಗಿಯುತ್ತದೆ. ಇಪ್ಪತ್ತು ಓಟಗಳೆಂದರೆ ಇಪ್ಪತ್ತು ಡಿಕ್ಕಿ, ಹಲವು ಬಾರಿ ಇಬ್ಬರು ಮೂವರು ಒಟ್ಟಿಗೆ ಮೈಮೇಲೆ.

ಪ್ರತಿ ತಂಡದಲ್ಲಿಯೂ ‘ಡೆಪ್ತ್ ಚಾರ್ಟ್’ ಎಂಬ ಒಂದು ಪಟ್ಟಿ ಇರುತ್ತದೆ. ಒಂದೊಂದು ಸ್ಥಾನದ ಎದುರಿಗೆ ಮೊದಲ ಹೆಸರು, ಅದರ ಕೆಳಗೆ ಎರಡನೆಯದು, ಮೂರನೆಯದು. ಡೆಪ್ತ್ ಎಂದರೆ ಆಳ. ಬಾವಿಯ ಆಳ ಬೇಸಿಗೆಯಲ್ಲಿ ತಿಳಿಯುವಂತೆ ತಂಡದ ಆಳ ಅಕ್ಟೋಬರಿನಲ್ಲಿ ತಿಳಿಯುತ್ತದೆ. ಮೊದಲ ಹೆಸರನ್ನು ಕೂಗಲು ಜಾರ್ಜಿಯಾದ ಕ್ರೀಡಾಂಗಣದಲ್ಲಿ ತೊಂಬತ್ತು ಸಾವಿರಕ್ಕೂ ಮಿಕ್ಕಿ ಮಂದಿ ಸೇರುತ್ತಾರೆ. ಎರಡನೆಯ ಹೆಸರಿನ ಬಗ್ಗೆ ನಿದ್ದೆಗೆಡುವವರು ತರಬೇತುದಾರರು ಮಾತ್ರ.

ಹಿಂದೆ ಹೀಗಿರಲಿಲ್ಲ. ಜಾರ್ಜಿಯಾದಲ್ಲಿ ಈ ಸ್ಥಾನವೆಂದರೆ ಹರ್ಷಲ್ ವಾಕರ್. 1980ರಲ್ಲಿ ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದಾಗಲೇ ಅವನು ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಪಟ್ಟಕ್ಕೆ ಏರಿಸಿದನು. 1981ರ ಹನ್ನೊಂದು ಆಟಗಳಲ್ಲಿ ಅವನು ಚೆಂಡನ್ನು ಹೊತ್ತದ್ದು 385 ಬಾರಿ. ಮೂರು ವರ್ಷಗಳಲ್ಲಿ ಅವನು ಗಳಿಸಿದ 5,259 ಗಜಗಳ ದಾಖಲೆಯನ್ನು ಆ ವಿಶ್ವವಿದ್ಯಾಲಯದಲ್ಲಿ ಮುಂದೆ ಯಾರೂ ಮುರಿಯಲಿಲ್ಲ. ಒಬ್ಬನೇ ಎಲ್ಲವನ್ನೂ ಹೊರುವುದು ಸಾಧ್ಯವೆಂದು ಜನ ನಂಬಿದ್ದು ಅವನನ್ನು ಕಂಡು. ಅವನಂಥವನು ತಲೆಮಾರಿಗೊಬ್ಬ ಎಂಬುದನ್ನು ಆ ನಂಬಿಕೆ ಮರೆತಿತ್ತು.

2012ರಲ್ಲಿ ಉತ್ತರ ಕ್ಯಾರೊಲಿನಾದಿಂದ ಇಬ್ಬರು ಹುಡುಗರು ಒಟ್ಟಿಗೆ ಬಂದರು: ಟಾಡ್ ಗರ್ಲಿ ಮತ್ತು ಕೀತ್ ಮಾರ್ಷಲ್. ಹೈಸ್ಕೂಲು ಆಟಗಾರರಿಗೆ ನಕ್ಷತ್ರಗಳ ಲೆಕ್ಕದಲ್ಲಿ ಅಂಕ ಕೊಡುವ ಸಂಸ್ಥೆಗಳು ಅಲ್ಲಿವೆ. ಆ ಲೆಕ್ಕದಲ್ಲಿ ಮಾರ್ಷಲ್ ಐದು ನಕ್ಷತ್ರದವನು, ಗರ್ಲಿಗಿಂತ ಒಂದು ಕೈ ಮೇಲು. ಮೊದಲ ವರ್ಷವೇ ಗರ್ಲಿ 1,385 ಗಜ, ಮಾರ್ಷಲ್ 759 ಗಜ ಓಡಿದರು. ಅಭಿಮಾನಿಗಳು ಇಬ್ಬರ ಹೆಸರನ್ನೂ ಬೆಸೆದು ‘ಗರ್ಷಲ್’ ಎಂದು ಕರೆದರು. ಹರ್ಷಲ್ ಎಂಬ ಹೆಸರಿನ ಪ್ರಾಸ ಅದಕ್ಕೆ ತಾನಾಗಿ ಒದಗಿತ್ತು. ಮರುವರ್ಷ ಒಂದು ವಾರದ ಅಂತರದಲ್ಲಿ ಗರ್ಲಿಯ ಪಾದದ ಕೀಲು ಉಳುಕಿತು, ಮಾರ್ಷಲ್‌ನ ಮೊಣಕಾಲಿನ ಲಿಗಮೆಂಟ್ ಹರಿಯಿತು. ಪ್ರಾಸವೂ ಅಲ್ಲಿಗೆ ನಿಂತಿತು.

ಇಂಥ ಹೊತ್ತಿನಲ್ಲಿಯೇ ತರಬೇತುದಾರರು ಊರೂರು ಅಲೆಯುವುದು. ಹೈಸ್ಕೂಲು ಹುಡುಗರನ್ನು ಹುಡುಕಿ, ಒಲಿಸಿ, ಕಾಲೇಜಿಗೆ ಕರೆತರುವ ಈ ಕೆಲಸಕ್ಕೆ ರಿಕ್ರೂಟಿಂಗ್ ಎಂದು ಹೆಸರು. ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಮನೆಗೆ ಹೋಗಬಹುದು ಎಂಬ ಕಟ್ಟಳೆ ಉಂಟು. ಆ ಕಾಲದ ನಿಯಮದಂತೆ ಒಂದು ತಂಡ ಕೊಡಬಹುದಾದ ವಿದ್ಯಾರ್ಥಿವೇತನ ಒಟ್ಟು 85. ವರ್ಷಕ್ಕೆ ಹೊಸಬರು ಸುಮಾರು 25. ಅಷ್ಟರಲ್ಲಿಯೇ ಎಲ್ಲ ಸ್ಥಾನಗಳಿಗೂ ಜನ ಬೇಕು. ಒಂದೇ ವರ್ಷ ಒಂದೇ ಸ್ಥಾನಕ್ಕೆ ಇಬ್ಬರು ಉತ್ತಮರನ್ನು ತರುವುದೆಂದರೆ ಬೇರೆಲ್ಲೋ ಒಂದು ಜಾಗವನ್ನು ತೆರವು ಬಿಡುವುದು. ಅದಕ್ಕಿಂತ ಕಷ್ಟದ್ದು, ಎರಡು ಮನೆಗಳಲ್ಲಿ ಒಂದೇ ಮಾತನ್ನು ಆಡುವುದು. ಬರುವ ತರಬೇತುದಾರರು ತಾಯಿಯ ಅಡುಗೆಯನ್ನು ಹೊಗಳುತ್ತಾರೆ. ಪದವಿ ಮುಗಿಸುವ ಮಾತು ತೆಗೆಯುತ್ತಾರೆ. ಕೊನೆಗೆ, ಮೊದಲ ವರ್ಷವೇ ಆಡಬಹುದು ಎನ್ನುತ್ತಾರೆ. ಈ ಮಾತು ಸುಳ್ಳಲ್ಲ. ಓಟ ಬಹುಪಾಲು ಹುಟ್ಟುಗುಣವಾದ್ದರಿಂದ ಉಳಿದ ಸ್ಥಾನಗಳಿಗಿಂತ ಬೇಗ ಇಲ್ಲಿ ಹೊಸಬರು ಸಲ್ಲುತ್ತಾರೆ. ಆದರೆ ಅದೇ ಮಾತನ್ನು ಇನ್ನೊಂದು ಊರಿನ ಇನ್ನೊಂದು ಮನೆಯಲ್ಲಿಯೂ ಆಡಲಾಗಿದೆ ಎಂಬುದನ್ನು ಕೇಳುವವನು ತಾನೇ ಊಹಿಸಿಕೊಳ್ಳಬೇಕು. ಇದನ್ನು ಮೋಸವೆಂದರೆ ತಪ್ಪಾದೀತು, ಪ್ರಾಮಾಣಿಕತೆ ಎನ್ನಲೂ ನಾಲಗೆ ಹೊರಳದು. ತನ್ನ ಮುಂದಿರುವವನ ಮೊಣಕಾಲು ಉಳಿಯದು ಎಂಬ ಅಂದಾಜಿನ ಮೇಲೆಯೇ ಒಬ್ಬ ಹುಡುಗನನ್ನು ಕರೆತರಲಾಗುತ್ತದೆ. ಆ ಅಂದಾಜು ನಾಳೆ ಅವನ ಮೊಣಕಾಲಿಗೂ ಅನ್ವಯವಾಗುತ್ತದೆ.

2014ರ ಫೆಬ್ರವರಿಯ ಮೊದಲ ಬುಧವಾರ ಮುಖ್ಯ ತರಬೇತುದಾರ ಮಾರ್ಕ್ ರಿಕ್ಟ್ ಅವರಿಗೆ ಹಾಗೆ ಒಲಿದ ಇಬ್ಬರಲ್ಲಿ ನಿಕ್ ಚಬ್ ಜಾರ್ಜಿಯಾದ್ದೇ ಆದ ಸೀಡರ್‌ಟೌನ್ ಎಂಬ ಸಣ್ಣ ಪಟ್ಟಣದವನು. ಅಂತರ್ಯುದ್ಧದ ಕಾಲದಲ್ಲಿ ಅವನ ಪೂರ್ವಿಕರು, ದಾಸ್ಯವಿಲ್ಲದ ಕಪ್ಪು ಜನರು, ಅದೇ ಸೀಮೆಯಲ್ಲಿ ಕಟ್ಟಿದ ಊರಿಗೆ ಚಬ್‌ಟೌನ್ ಎಂದೇ ಹೆಸರು. ಸೋನಿ ಮಿಶೆಲ್ ಫ್ಲೋರಿಡಾದವನು. ಹೈಟಿಯಿಂದ ವಲಸೆ ಬಂದವರ ಮಗ. ಒಬ್ಬ ಮಿತಭಾಷಿ, ಗುಂಡುಕಲ್ಲಿನಂತೆ ನೇರ ಉರುಳುವವನು. ಇನ್ನೊಬ್ಬ ಹೊರಳಿ ಜಾರಿ ಬಯಲಿಗೆ ಬಿದ್ದರೆ ಕೈಗೆ ಸಿಗದವನು. ಇಬ್ಬರಿಗೂ ತಮ್ಮ ಮುಂದೆ ಗರ್ಲಿ ಇದ್ದಾನೆಂಬುದು ಗೊತ್ತಿತ್ತು.

ಎಂಟು ತಿಂಗಳಲ್ಲಿ ಕೊಲಂಬಿಯಾದ ಆ ದಿನ ಬಂತು. ತನ್ನ ಹಸ್ತಾಕ್ಷರವಿದ್ದ ವಸ್ತುಗಳಿಗೆ ಎರಡು ವರ್ಷಗಳಲ್ಲಿ ಮೂರು ಸಾವಿರ ಡಾಲರಿಗೂ ಹೆಚ್ಚು ಹಣ ಪಡೆದನೆಂಬ ಕಾರಣಕ್ಕೆ ಗರ್ಲಿ ನಾಲ್ಕು ಆಟಗಳನ್ನು ಕಳೆದುಕೊಂಡನು. ನವೆಂಬರ್ 15ರಂದು ಮರಳಿದವನು ಅದೇ ಆಟದಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡನು. ಚಬ್ ಆ ವರ್ಷ 1,547 ಗಜ ಓಡಿದನು. ಮರುವರ್ಷ ಸತತ ಹದಿಮೂರು ಆಟಗಳಲ್ಲಿ ನೂರು ಗಜ ದಾಟಿ ವಾಕರ್‌ನ ಶಾಲಾ ದಾಖಲೆಯನ್ನು ಸರಿಗಟ್ಟಿ, 2015ರ ಅಕ್ಟೋಬರ್ 10ರಂದು ಟೆನೆಸ್ಸಿಯ ನಾಕ್ಸ್‌ವಿಲ್‌ಗೆ ಹೋದನು. ಜಾರ್ಜಿಯಾದ ಮೊದಲ ಓಟದಲ್ಲಿಯೇ ಅವನ ಎಡ ಮೊಣಕಾಲು ಹಿಮ್ಮೊಗವಾಗಿ ಬಾಗಿತು. ಮೂರು ಲಿಗಮೆಂಟುಗಳು ಹರಿದವು. ಪಕ್ಕದ ಗೆರೆಯಲ್ಲಿ ನಿಂತಿದ್ದ ಮಿಶೆಲ್ ಒಳಗೆ ಹೋದನು, 145 ಗಜ ಓಡಿದನು. ತಂಡ 31–38ರಿಂದ ಸೋತಿತು. ಆ ಋತುವಿನಲ್ಲಿ ಮಿಶೆಲ್‌ನ ಗಳಿಕೆ 1,100 ಗಜಕ್ಕೂ ಮಿಕ್ಕಿತು. ಗೆಳೆಯನ ಕಾಲಿನಿಂದ ದೊರೆತ ಅವಕಾಶ ಅದು.

ಆ ವರ್ಷದ ಕೊನೆಗೆ ರಿಕ್ಟ್ ಹೋಗಿ ಕರ್ಬಿ ಸ್ಮಾರ್ಟ್ ಬಂದರು. 2005ರಲ್ಲಿ ಅದೇ ಜಾರ್ಜಿಯಾದಲ್ಲಿ ರನ್ನಿಂಗ್ ಬ್ಯಾಕ್‌ಗಳಿಗೆ ಪಾಠ ಹೇಳಿದ್ದವರು ಅವರು. 2016ರ ಬೇಸಗೆಯಲ್ಲಿ ಮಿಶೆಲ್‌ನ ಕೈಮೂಳೆ ಅಪಘಾತವೊಂದರಲ್ಲಿ ಮುರಿದಾಗ, ಸೆಪ್ಟೆಂಬರಿನ ಮೊದಲ ಆಟದಲ್ಲಿ ಹೊರೆ ಹೊತ್ತವನು ಹೊಲಿದ ಮೊಣಕಾಲಿನ ಚಬ್: 222 ಗಜ. ಒಬ್ಬ ಬಿದ್ದಾಗ ಇನ್ನೊಬ್ಬ ಏಳುವ ಈ ಸರದಿ ಯಾರ ಯೋಜನೆಯಲ್ಲಿಯೂ ಇದ್ದದ್ದಲ್ಲ. ಆ ಡಿಸೆಂಬರಿನಲ್ಲಿ ಇಬ್ಬರೂ ವೃತ್ತಿಪರ ತಂಡಗಳಿಗೆ ಹೋಗಬಹುದಿತ್ತು. ಇಬ್ಬರೂ ಇನ್ನೊಂದು ವರ್ಷ ಉಳಿಯುವುದಾಗಿ ಹೇಳಿದರು.

ಸ್ಮಾರ್ಟ್ ಅಷ್ಟಕ್ಕೆ ನೆಮ್ಮದಿಯಾಗಿ ಕೂರಲಿಲ್ಲ. ಇಬ್ಬರು ಇರುವಾಗಲೇ ಫಿಲಡೆಲ್ಫಿಯಾದಿಂದ ಡಿಯಾಂಡ್ರೆ ಸ್ವಿಫ್ಟ್‌ನನ್ನು ಕರೆತಂದರು. ಬಾಕ್ಸಿಂಗ್‌ನ ಇವಾಂಡರ್ ಹೋಲಿಫೀಲ್ಡ್‌ರ ಮಗ ಎಲೈಜಾ ಹಿಂದಿನ ವರ್ಷವೇ ಸೇರಿದ್ದನು. ಅವನ ಜೊತೆಗೆ ಬ್ರಯನ್ ಹೆರಿಯನ್. ಚೌಕಿಯಲ್ಲಿ ಬಣ್ಣ ಹಚ್ಚಿ, ಕಿರೀಟ ಕಟ್ಟಿ, ರಂಗದಿಂದ ಕರೆ ಬಾರದೆ ಬೆಳಗಿನವರೆಗೂ ಕುಳಿತ ವೇಷಧಾರಿಯನ್ನು ಕಂಡವರಿಗೆ ಇವರ ಪಾಡು ತಿಳಿದೀತು. ವೇಷವೇನೂ ಕಡಮೆಯದಲ್ಲ, ಇರುಳು ಮಾತ್ರ ಚಿಕ್ಕದು.

2017ರಲ್ಲಿ ಚಬ್ 223 ಬಾರಿ, ಮಿಶೆಲ್ 156 ಬಾರಿ ಚೆಂಡನ್ನು ಹೊತ್ತರು. ಒಟ್ಟು 379, ಹದಿನೈದು ಆಟಗಳಲ್ಲಿ. ವಾಕರ್ ಹನ್ನೊಂದು ಆಟಗಳಲ್ಲಿ ಒಬ್ಬನೇ ಹೊತ್ತದ್ದಕ್ಕಿಂತ ಅದು ಆರು ಕಡಮೆ. ಇಬ್ಬರೂ ತಲಾ ಸಾವಿರದ ಇನ್ನೂರು ಗಜ ದಾಟಿದರು. ಇಬ್ಬರ ಕಾಲೂ ಡಿಸೆಂಬರಿನವರೆಗೆ ಗಟ್ಟಿಯಾಗಿ ಉಳಿಯಿತು. ಆಳ ಎಂಬುದರ ನಿಜವಾದ ಅರ್ಥ ಈ ಲೆಕ್ಕದಲ್ಲಿದೆ. ಎರಡನೆಯವನಿರುವುದು ಮೊದಲನೆಯವನು ಬಿದ್ದ ಮೇಲಿನ ಬಳಕೆಗೆ ಎಂದು ತಿಳಿಯುವುದು ವಾಡಿಕೆ. ಅವನು ದಿನವೂ ಅರ್ಧ ಹೊರೆಯನ್ನು ತೆಗೆದುಕೊಂಡು ಮೊದಲನೆಯವನು ಬೀಳದಂತೆ ನೋಡಿಕೊಳ್ಳುತ್ತಾನೆ ಎಂಬುದು ಪಟ್ಟಿಯಲ್ಲಿ ಕಾಣಿಸುವುದಿಲ್ಲ.

2018ರ ಜನವರಿ 1ರಂದು ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ಓಕ್ಲಹೋಮಾ ತಂಡದೆದುರು ರೋಸ್ ಬೌಲ್ ಪಂದ್ಯ. ಅರ್ಧ ಆಟಕ್ಕೆ ಜಾರ್ಜಿಯಾ 17–31ರಿಂದ ಹಿಂದಿತ್ತು. ಹೇಗೋ ಚೇತರಿಸಿಕೊಂಡು ಕೊನೆಯ ಪಾದಕ್ಕೆ ಬಂದಾಗ ಮಿಶೆಲ್‌ನ ಕೈಯಿಂದ ಚೆಂಡು ಜಾರಿತು. ಎದುರಾಳಿಯೊಬ್ಬ ಅದನ್ನೆತ್ತಿಕೊಂಡು ಓಡಿ ಗೆರೆ ದಾಟಿದನು, 38–45. ಪ್ರಾಯಶಃ ತನ್ನ ಜೀವಮಾನದ ಅತ್ಯಂತ ಕೆಟ್ಟ ಗಳಿಗೆಯನ್ನು ಒಬ್ಬನು ಕೋಟ್ಯಂತರ ಕಣ್ಣುಗಳೆದುರು ಅನುಭವಿಸಿದನು. ಆಟ ಮುಗಿಯಲು 55 ಸೆಕೆಂಡುಗಳಿದ್ದಾಗ ಎರಡು ಗಜ ದೂರದಿಂದ ನುಗ್ಗಿ ಸಮಬಲ ತಂದವನು ಚಬ್. ಎರಡನೆಯ ಹೆಚ್ಚುವರಿ ಅವಧಿಯಲ್ಲಿ ಚೆಂಡು ನೇರವಾಗಿ ಮಿಶೆಲ್‌ನ ಕೈಗೇ ಬಂತು. ಜಾರಿದ್ದ ಅದೇ ಕೈಗೆ ಅದನ್ನು ಕೊಡುವುದೆಂದು ತೀರ್ಮಾನಿಸಿದವರ ಧೈರ್ಯ ದೊಡ್ಡದು. ಅವನು 27 ಗಜ ಓಡಿದನು, 54–48. ಒಂದು ವಾರದ ಬಳಿಕ ಅಲಬಾಮಾದೆದುರು ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ತಂಡ ಮೂರು ಅಂಕಗಳಿಂದ ಸೋತಿತು. ಚಬ್ 4,769 ಗಜಗಳೊಂದಿಗೆ ವಾಕರ್‌ನ ನಂತರದ ಸ್ಥಾನದಲ್ಲಿ ನಿಂತು ಕಾಲೇಜನ್ನು ಬಿಟ್ಟನು.

ಕೀತ್ ಮಾರ್ಷಲ್‌ನನ್ನು ಇಲ್ಲಿ ನೆನೆಯದಿರುವುದು ನ್ಯಾಯವಲ್ಲ. 2016ರಲ್ಲಿ ವೃತ್ತಿಪರ ತಂಡಗಳ ಪರೀಕ್ಷೆಯಲ್ಲಿ ಅವನು ನಲವತ್ತು ಗಜವನ್ನು 4.31 ಸೆಕೆಂಡಿನಲ್ಲಿ ಓಡಿ ಆ ವರ್ಷದ ರನ್ನಿಂಗ್ ಬ್ಯಾಕ್‌ಗಳಲ್ಲೆಲ್ಲ ಮೊದಲಿಗನಾದನು. ವೇಗ ಎಲ್ಲಿಯೂ ಹೋಗಿರಲಿಲ್ಲ. ಏಳನೆಯ ಸುತ್ತಿನಲ್ಲಿ ಒಂದು ತಂಡ ಅವನನ್ನು ಆರಿಸಿತು. ಮತ್ತೆ ಗಾಯಗಳು ಕಾಡಿ, ಋತುವಿನ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ‘ಗರ್ಷಲ್’ ಎಂಬ ಪದದ ಅರ್ಧ ಅವನದು.

ಇಂದು ಎರಡನೆಯ ಹೆಸರಿನವನು ಕಾಯಬೇಕಾಗಿಲ್ಲ. 2018ರ ಅಕ್ಟೋಬರಿನಲ್ಲಿ ಬಂದ ‘ಟ್ರಾನ್ಸ್‌ಫರ್ ಪೋರ್ಟಲ್’ನಲ್ಲಿ ಹೆಸರು ನಮೂದಿಸಿದರೆ ಬೇರೆ ಕಾಲೇಜುಗಳು ಅವನನ್ನು ಕರೆಯಬಹುದು. 2021ರಿಂದ ಮೊದಲ ವರ್ಗಾವಣೆಗೆ ಒಂದು ವರ್ಷ ಸುಮ್ಮನೆ ಕೂರಬೇಕೆಂಬ ಕಟ್ಟಳೆಯೂ ಇಲ್ಲ. ಅದೇ ವರ್ಷದ ಜುಲೈಯಿಂದ ಆಟಗಾರರು ತಮ್ಮ ಹೆಸರಿನ ಮೇಲೆ ಹಣ ಗಳಿಸಬಹುದು. ಯಾವುದಕ್ಕಾಗಿ ಗರ್ಲಿ ನಾಲ್ಕು ಆಟಗಳನ್ನು ಕಳೆದುಕೊಂಡನೋ ಅದೇ ಈಗ ಹಕ್ಕು. ಜಾರ್ಜಿಯಾ ಕೂಡ 2024ಕ್ಕೆ ಟ್ರೆವರ್ ಎಟಿಯೆನ್‌ನನ್ನು ತಂದದ್ದು ಹೈಸ್ಕೂಲಿನಿಂದಲ್ಲ, ತನ್ನ ಬದ್ಧ ಎದುರಾಳಿ ಫ್ಲೋರಿಡಾದಿಂದ. ಹುಡುಗರಿಗೆ ಇದು ನ್ಯಾಯವೇ. ಹಳೆಯ ಏರ್ಪಾಡಿನಲ್ಲಿ ಬೇಲಿ ಇದ್ದದ್ದು ಅವರ ಸುತ್ತ ಮಾತ್ರ. ಆದರೆ ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಕುಳಿತು ಒಬ್ಬರ ಗಾಯಕ್ಕೆ ಇನ್ನೊಬ್ಬರು ಉತ್ತರವಾಗುವ ಕಥೆ ಇನ್ನು ಎಷ್ಟು ಸಲ ನಡೆದೀತು?

ಹಳೆಯ ರೀತಿಯಲ್ಲಿ ಬಂದು ಹೊಸ ಕಾಲಕ್ಕೆ ಉಳಿದವರು ಇಬ್ಬರಿದ್ದರು. ಚಬ್, ಮಿಶೆಲ್ ಹೊರಟ 2018ರಲ್ಲಿಯೇ ಉತ್ತರ ಕ್ಯಾರೊಲಿನಾದಿಂದ ಜಮೀರ್ ವೈಟ್, ಮಯಾಮಿಯಿಂದ ಜೇಮ್ಸ್ ಕುಕ್ ಬಂದರು. ವೈಟ್ ಹೈಸ್ಕೂಲಿನ ಕೊನೆಯ ದಿನಗಳಲ್ಲಿ ಒಂದು ಮೊಣಕಾಲನ್ನು ಮುರಿದುಕೊಂಡೇ ಬಂದವನು. ಆಡುವ ಮೊದಲೇ ಅಭ್ಯಾಸದಲ್ಲಿ ಇನ್ನೊಂದು ಮೊಣಕಾಲೂ ಹೋಯಿತು. ಅವರ ಮುಂದೆ ಸ್ವಿಫ್ಟ್ ಇದ್ದನು, ಹೋಲಿಫೀಲ್ಡ್ ಇದ್ದನು, ಹೆರಿಯನ್ ಇದ್ದನು. ಇಬ್ಬರೂ ಹೋಗಲಿಲ್ಲ. 2022ರ ಜನವರಿ 10ರಂದು ಇಂಡಿಯಾನಾಪೊಲಿಸ್‌ನಲ್ಲಿ ಮತ್ತೆ ಅಲಬಾಮಾ ಎದುರು. ಮೂರನೆಯ ಪಾದದಲ್ಲಿ ಜಾರ್ಜಿಯಾ 6–9ರಿಂದ ಹಿಂದಿತ್ತು. ಕುಕ್ ಚೆಂಡನ್ನು ಪಡೆದು 67 ಗಜ ಓಡಿದನು. ಅದೇ ಸರದಿಯ ಕೊನೆಯಲ್ಲಿ ಉಳಿದದ್ದು ಒಂದು ಗಜ. ಕರೆ ಬಂದದ್ದು ವೈಟ್‌ಗೆ. ಹೊಲಿದ ಎರಡು ಮೊಣಕಾಲುಗಳ ಮೇಲೆ ಅವನು ಆ ಒಂದು ಗಜವನ್ನು ದಾಟಿದನು.