ಉರಿಗಾಂನ ಉರಿ

ಆಚಾರಿ ನನ್ನ ಮದುವೆಯ ಉಂಗುರವನ್ನು ಕತ್ತರಿಸಿದ ದಿನ ನಾನು ಅಳಲಿಲ್ಲ. ರಾಬರ್ಟ್‌ಸನ್‌ಪೇಟೆಯ ಒಂದು ಪುಟ್ಟ ಅಂಗಡಿಯಲ್ಲಿ ಕೈ ಚಾಚಿ ಕುಳಿತಿದ್ದೆ. ಬೆರಳಿನ ಗೆಣ್ಣು ಹಲಸಿನ ಬೀಜದಷ್ಟು ಊದಿಕೊಂಡು, ದೇವಾಲಯದಲ್ಲಿ ಅಯ್ಯನವರ ಮುಂದೆ ತೊಡಿಸಿಕೊಂಡ ಉಂಗುರ ಮಾಂಸದೊಳಗೆ ಹೂತುಹೋಗಿತ್ತು. ಸೋಪಿನ ನೊರೆ, ಕೊಬ್ಬರಿ ಎಣ್ಣೆ, ದಾರ ಸುತ್ತಿ ಎಳೆಯುವುದು ಎಲ್ಲ ಆಗಿತ್ತು. ಆಚಾರಿ ಸಣ್ಣ ಗರಗಸ ಕೈಗೆತ್ತಿಕೊಂಡು, "ಎಷ್ಟು ದಿನದಿಂದ ಹಿಂಗಿದೆಯಮ್ಮಾ? ಡಾಕ್ಟರಿಗೆ ತೋರಿಸಿಲ್ವಾ?" ಎಂದರು. ಉತ್ತರ ಹೇಳಲು ನಾಚಿಕೆಯಾಯಿತು. ಡಾಕ್ಟರಿಗೆ ತೋರಿಸಿದ್ದೆ. ಅವರು ಕೊಟ್ಟ ಮಾತ್ರೆಯನ್ನು ಎಂಟು ತಿಂಗಳ ಹಿಂದೆ ನಾನೇ ನಿಲ್ಲಿಸಿದ್ದೆ.

ನಾನು ಹುಟ್ಟಿ ಬೆಳೆದದ್ದು ಕೋಲಾರ ಚಿನ್ನದ ಗಣಿಯ ಉರಿಗಾಂನಲ್ಲಿ. ಮದುವೆಯಾಗಿ ಬಂದದ್ದು ಬಂಗಾರಪೇಟೆಗೆ. ರೈಲು ಹತ್ತಿದರೆ ತವರು ತಲುಪಲು ಹೆಚ್ಚು ಹೊತ್ತೇನೂ ಬೇಡ. 2009ರಲ್ಲಿ, ನನಗೆ ನಲವತ್ತೊಂದು ವರ್ಷವಾಗಿದ್ದಾಗ, ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುವುದೂ ಕಷ್ಟ. ಬಿಸಿಲೇರಿದ ಮೇಲೆ ಸ್ವಲ್ಪ ಸಡಿಲ. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, "ಇದು ರುಮಟಾಯ್ಡ್ ಆರ್ಥ್ರೈಟಿಸ್. ಕೀಲುಗಳ ಉರಿಯೂತ" ಎಂದರು. ಆ ನೋವಿನಲ್ಲೂ ನನಗೆ ನಗು ಬಂತು. ಉರಿಗಾಂನವಳಿಗೆ ಉರಿಯೂತವಲ್ಲದೆ ಇನ್ನೇನು ಬಂದೀತು! ಊರಿನ ಹೆಸರಿನ ಮೂಲ ಬೇರೆಯೇ ಇರಬಹುದು. ಆದರೆ ನೆಲದಾಳದಲ್ಲಿ ಉರಿ ಇದ್ದದ್ದಂತೂ ನಿಜ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಗಿತ್ತು. ಅಷ್ಟು ಕೆಳಗೆ ಬಂಡೆಯೇ ಅರವತ್ತು ಡಿಗ್ರಿಗೂ ಮೀರಿ ಕಾದಿರುತ್ತಿತ್ತು.

ಉರಿಯೂತ ಎಂದರೆ ಕೆಟ್ಟದ್ದೇ ಎಂದುಕೊಳ್ಳಬೇಡಿ. ಈಳಿಗೆಮಣೆಗೆ ಬೆರಳು ತಗುಲಿದಾಗ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದಲ್ಲ, ಅದೂ ಉರಿಯೂತವೇ. ಗಾಯಕ್ಕೆ ದೇಹ ಕಳಿಸಿಕೊಟ್ಟ ಕಾವಲು ಪಡೆ ಅದು. ಕೆಲಸ ಮುಗಿದ ಮೇಲೆ ಪಡೆ ಹಿಂತಿರುಗುತ್ತದೆ, ಗಾಯ ಮಾಯುತ್ತದೆ. ತೊಂದರೆ ಇರುವುದು ಪಡೆ ಹಿಂತಿರುಗದೆ ಅಲ್ಲೇ ಬಿಡಾರ ಹೂಡಿದಾಗ. ಕಳ್ಳನಿಲ್ಲದಿದ್ದರೂ ಅದು ಮನೆಯವರನ್ನೇ ಹೊಡೆಯಲು ಶುರು ಮಾಡುತ್ತದೆ. ನನ್ನ ಕಾಯಿಲೆಯಲ್ಲಿ ಅದು ಕೀಲಿನ ಒಳಪೊರೆಯನ್ನು ತಿನ್ನುತ್ತದೆ, ಬಿಟ್ಟರೆ ಮೂಳೆಯನ್ನೂ ಸವೆಸುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು.

ವಾರಕ್ಕೊಮ್ಮೆ ಮಾತ್ರ ನುಂಗುವ ಮೆಥೋಟ್ರೆಕ್ಸೇಟ್ ಕೊಟ್ಟರು, ಅದರ ಜೊತೆಗೆ ಫೋಲಿಕ್ ಆಸಿಡ್. ಎರಡು ಮೂರು ತಿಂಗಳಲ್ಲಿ ಕೈ ನನ್ನ ಮಾತು ಕೇಳತೊಡಗಿತು. ಆಗಲೇ ಪ್ರಾರ್ಥನಾ ಕೂಟದಲ್ಲಿ ಒಬ್ಬ ಅಕ್ಕ ಪಕ್ಕದಲ್ಲಿ ಕುಳಿತು, ಕೈ ಹಿಡಿದು, ಪ್ರೀತಿಯಿಂದಲೇ ಹೇಳಿದರು: "ಕರ್ತನ ಮೇಲೆ ಭಾರ ಹಾಕಿದ ಮೇಲೆ ಮಾತ್ರೆ ಯಾಕಮ್ಮಾ? ಮನಸ್ಸಿನಲ್ಲಿ ಏನಾದರೂ ಪಾಪ ಉಳಿದಿದೆಯಾ ನೋಡಿಕೋ. ಅರಿಶಿನದ ಕಷಾಯ ಕುಡಿ, ಉಪವಾಸ ಮಾಡು, ಎಲ್ಲಾ ಹೋಗುತ್ತೆ." ಅವರ ಮಾತು ನನ್ನೊಳಗೆ ಮುಳ್ಳಿನಂತೆ ಕೂತಿತು. ಮಾತ್ರೆ ನುಂಗುವಾಗಲೆಲ್ಲ ದೇವರನ್ನು ನಂಬದವಳಂತೆ ಅನ್ನಿಸತೊಡಗಿತು. ಲೆಂಟ್ ಕಾಲ ಶುರುವಾದ ದಿನ ಮಾತ್ರೆ ನಿಲ್ಲಿಸಿದೆ. ಮನೆಯವರಿಗೂ ಹೇಳಲಿಲ್ಲ. ಮೊದಲ ಕೆಲವು ವಾರ ಏನೂ ಆಗಲಿಲ್ಲ, ಅದನ್ನೇ ಸಾಕ್ಷಿ ಎಂದುಕೊಂಡೆ. ಆಮೇಲೆ ಬಂದದ್ದು ಆಚಾರಿಯ ಗರಗಸ.

ಉಂಗುರ ಕತ್ತರಿಸಿಕೊಂಡು ಅಂದು ತವರಿನಲ್ಲೇ ಉಳಿದೆ. ರಾತ್ರಿ ನಿದ್ದೆ ಬರಲಿಲ್ಲ. ತಾತನ ನೆನಪಾಯಿತು. ತಾತ ಯೌವನದಲ್ಲಿ ನೆಲದಾಳಕ್ಕಿಳಿದು ಬಂಡೆಗೆ ಡ್ರಿಲ್ ಹಿಡಿದವರು. ನಾನು ಕಂಡಾಗ ಅವರು ಒರಗು ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಮಲಗಿದರೆ ಉಸಿರು ಸಿಗದು. ಅವರ ಕೆಮ್ಮೇ ನಮ್ಮ ಮನೆಯ ಗಡಿಯಾರ. ಅದು ಸಿಲಿಕೋಸಿಸ್. ಬಂಡೆಯ ಸಣ್ಣ ಧೂಳು ಶ್ವಾಸಕೋಶ ಸೇರುತ್ತದೆ. ದೇಹದ ಕಾವಲು ಕಣಗಳು ಅದನ್ನು ನುಂಗುತ್ತವೆ, ಅರಗಿಸಲಾರದೆ ಸಾಯುತ್ತವೆ, ಧೂಳು ಮತ್ತೆ ಹೊರಬೀಳುತ್ತದೆ. ಬೇರೆ ಕಣಗಳು ಬಂದು ಮತ್ತೆ ನುಂಗುತ್ತವೆ. ಹೀಗೆ ಆರದ ಉರಿಯಿಂದ ಶ್ವಾಸಕೋಶವೇ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಗಣಿ ಬಿಟ್ಟು ಬಂದರೂ ಕಾಯಿಲೆ ಬಿಡದು. 1940ರ ದಶಕದಲ್ಲಿ ಇಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಇದು ಕಂಡಿತ್ತು. ಆ ಉರಿಗೆ ಯಾವ ಕಷಾಯವೂ ಇರಲಿಲ್ಲ. ಇದ್ದದ್ದು ಒಂದೇ ದಾರಿ, ಧೂಳೇ ಏಳದಂತೆ ನೀರು ಹಾಯಿಸಿ ಕೊರೆಯುವುದು, ಗಾಳಿ ಆಡಿಸುವುದು.

ಹಾಗಾದರೆ ನನ್ನ ತಾತ ಏನು ಪಾಪ ಮಾಡಿದ್ದರು? ರಾಗಿ ಮುದ್ದೆ, ಹುರುಳಿ ಸಾರು ಉಂಡು, ಭಾನುವಾರ ತಪ್ಪದೆ ದೇವಾಲಯಕ್ಕೆ ಹೋದ ಮನುಷ್ಯ. ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು ಇದೇ ಪ್ರಶ್ನೆ ಕೇಳುತ್ತಾರೆ, ಪಾಪ ಯಾರದು, ಇವನದೋ ತಂದೆತಾಯಿಯದೋ ಎಂದು. ಯೇಸು ಇಬ್ಬರದೂ ಅಲ್ಲ ಎನ್ನುತ್ತಾನೆ. ಎಷ್ಟು ಸಲ ಓದಿದ್ದೆ! ತಾತನ ವಿಷಯದಲ್ಲಿ ಒಪ್ಪುವ ಮಾತನ್ನು ನನ್ನ ವಿಷಯದಲ್ಲಿ ಮಾತ್ರ ಮರೆತಿದ್ದೆ.

ಮರುದಿನ ಅಮ್ಮ ನನ್ನ ಬರಿಬೆರಳು ನೋಡಿ ಏನೂ ಬೈಯಲಿಲ್ಲ. ಸತ್ಯವೇದ ತೆಗೆದು ಅರಸುಗಳ ಎರಡನೆಯ ಪುಸ್ತಕದ ಇಪ್ಪತ್ತನೆಯ ಅಧ್ಯಾಯ ಓದು ಎಂದರು. ಹಿಜ್ಕೀಯ ಅರಸನಿಗೆ ಸಾಯುವಂಥ ಹುಣ್ಣು. ಅವನು ಗೋಡೆಯ ಕಡೆ ಮುಖ ಮಾಡಿ ಅತ್ತು ಪ್ರಾರ್ಥಿಸುತ್ತಾನೆ. ದೇವರು ಕೇಳಿದೆನೆಂದು ಪ್ರವಾದಿ ಯೆಶಾಯನ ಬಾಯಲ್ಲಿ ಹೇಳಿಸುತ್ತಾನೆ. ಮುಂದೆ ಯೆಶಾಯ ಮಾಡಿದ್ದೇನು ಗೊತ್ತೆ? ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿನ ಮೇಲೆ ಇಡಿಸಿದ. "ಪ್ರಾರ್ಥನೆಯೂ ಔಷಧಿಯೂ ಒಂದೇ ಅಧ್ಯಾಯದಲ್ಲಿವೆ. ನೀನು ಒಂದನ್ನು ಹರಿದು ಹಾಕಿದ್ದೀಯ" ಎಂದರು ಅಮ್ಮ. ಆಗ ಅಳು ಬಂತು.

ಮತ್ತೆ ಡಾಕ್ಟರಮ್ಮನ ಮುಂದೆ ತಲೆ ತಗ್ಗಿಸಿ ಕುಳಿತೆ. ಅವರು ಅರಿಶಿನವನ್ನು ಹೀಗಳೆಯಲಿಲ್ಲ. "ಸಾರಿಗೆ ಹಾಕಿ, ಜೊತೆಗೆ ಕಾಳುಮೆಣಸೂ ಇರಲಿ, ಆಗ ಮೈಗೆ ಹೆಚ್ಚು ಹತ್ತುತ್ತೆ. ಆದರೆ ಅದು ಮಾತ್ರೆಯ ಜಾಗಕ್ಕೆ ಬರಲ್ಲ" ಎಂದರು. ನಮ್ಮ ಕೈಯಲ್ಲಾಗುವುದು ಏನೆಂದು ಕೇಳಿದೆ. ಅವರು ಹೇಳಿದ್ದರಲ್ಲಿ ಅಂಗಡಿಯಿಂದ ತರಬೇಕಾದದ್ದು ಏನೂ ಇರಲಿಲ್ಲ, ಬಿಡಬೇಕಾದದ್ದೇ ಹೆಚ್ಚು. ಬೇಕರಿಯ ಪಫ್ಸು, ಕೇಕು, ದಿನಕ್ಕೆ ನಾಲ್ಕು ಲೋಟ ಸಕ್ಕರೆ ಕಾಫಿ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಬೋಂಡ. ಅದರ ಬದಲು ರಾಗಿ, ಹುರುಳಿ, ಸೊಪ್ಪಿನ ಬಸ್ಸಾರು, ಒಂದು ಹಿಡಿ ಕಡಲೆಕಾಯಿ, ಸಿಕ್ಕಿದರೆ ಮತ್ತಿ ಮೀನು. ಅರೇ, ಇದು ನಮ್ಮಜ್ಜಿಯ ಅಡುಗೆಮನೆಯಲ್ಲವೆ! ಬಾಬೆಲಿನ ಅರಮನೆಯಲ್ಲಿ ರಾಜಭೋಜನ ಬೇಡವೆಂದು ಹತ್ತು ದಿನ ಕಾಯಿಪಲ್ಯ ತಿಂದು ಕಳೆಗಟ್ಟಿದ ದಾನಿಯೇಲನೂ ನೆನಪಾದ. ತೂಕ ಹೆಚ್ಚಿದ್ದರೆ ಇಳಿಸಬೇಕಂತೆ, ಹೊಟ್ಟೆಯ ಕೊಬ್ಬೇ ಉರಿಗೆ ಸೌದೆ. ಒಸಡು ಕೆಟ್ಟರೂ ಮೈಯೆಲ್ಲ ಉರಿ ಹೆಚ್ಚುತ್ತದಂತೆ. ಬೀಡಿ ಸಿಗರೇಟಿನ ಹೊಗೆ ಈ ಕಾಯಿಲೆಗೆ ದೊಡ್ಡ ಶತ್ರು.

ನನಗೆ ಕಷ್ಟವಾದದ್ದು ಊಟವಲ್ಲ, ವಿಶ್ರಾಂತಿ. ಎಲ್ಲರಿಗಿಂತ ಮೊದಲು ಎದ್ದು, ಎಲ್ಲರ ನಂತರ ಮಲಗುವುದೇ ಒಳ್ಳೆಯ ಸೊಸೆಯ ಲಕ್ಷಣ ಎಂದುಕೊಂಡವರು ನಾವು. ನಿದ್ದೆಗೆಟ್ಟರೆ ಉರಿಯೂತ ಏರುತ್ತದೆ ಎಂದು ಡಾಕ್ಟರಮ್ಮ ಹೇಳಿದಾಗ ಸಬ್ಬತ್ ದಿನದ ಕಟ್ಟಳೆ ಹೊಸದಾಗಿ ಅರ್ಥವಾಯಿತು. ಆರು ದಿನದ ಕೆಲಸದ ಮೇಲೆ ದೇವರೇ ವಿಶ್ರಮಿಸಿದ ಎಂದು ಮೊದಲ ಪುಸ್ತಕದಲ್ಲೇ ಇದೆ. ಬಂಗಾರಪೇಟೆಯ ಸೊಸೆಗೆ ಮಾತ್ರ ಏಳು ದಿನವೂ ಕೆಲಸ! ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗಲು ಕಲಿತೆ. ಹೊತ್ತು ಮುಳುಗುವ ಮುಂಚೆ ಕೋಪ ಬಿಡಬೇಕೆಂಬ ಪೌಲನ ಬುದ್ಧಿಮಾತನ್ನೂ ಪಾಲಿಸಲು ನೋಡುತ್ತೇನೆ. ಆ ಅಕ್ಕನ ಮೇಲಿನ ಕೋಪ ಇಳಿಯಲು ಮಾತ್ರ ಎರಡು ವರ್ಷ ಹಿಡಿಯಿತು. ಈಗ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತೇವೆ. ಕಳೆದ ವರ್ಷ ಅವರಿಗೆ ಸಕ್ಕರೆ ಕಾಯಿಲೆ ಎಂದು ತಿಳಿದಾಗ ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನೇ. ಯಾವ ಪಾಪ ಎಂದು ಕೇಳಲಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಯನೈಡ್ ದಿಬ್ಬಗಳು ಉಳಿದಿವೆ. ಬಿರುಗಾಳಿ ಬೀಸಿದರೆ ಇಂದಿಗೂ ಅದರ ಧೂಳು ತವರಿನ ಕಿಟಕಿಗೆ ಬರುತ್ತದೆ. ಅಮ್ಮ ಒದ್ದೆ ಬಟ್ಟೆಯಲ್ಲೇ ಒರೆಸುತ್ತಾರೆ, ಪೊರಕೆಯಲ್ಲಿ ಗುಡಿಸಿ ಎಬ್ಬಿಸುವುದಿಲ್ಲ. ಅದು ತಾತ ಕಲಿಸಿದ ಪಾಠ.

ನನ್ನ ರೋಗ ಹೋಗಿಲ್ಲ, ತಣ್ಣಗೆ ಕೂತಿದೆ. ವಾರಕ್ಕೊಮ್ಮೆ ಮಾತ್ರೆ ಕೈಯಲ್ಲಿಟ್ಟುಕೊಂಡು ಸ್ತೋತ್ರ ಹೇಳಿ ನುಂಗುತ್ತೇನೆ. ಆ ಎಂಟು ತಿಂಗಳಲ್ಲಿ ಸೊಟ್ಟಗಾದ ಬೆರಳು ಮಾತ್ರ ನೇರವಾಗಲಿಲ್ಲ. ಉಂಗುರವನ್ನು ಬೆಸೆಸಿ ಸರಕ್ಕೆ ಪೋಣಿಸಿಕೊಂಡಿದ್ದೇನೆ. ಮುದ್ದೆ ತೊಳಸುವ ಕೋಲು ಹಿಡಿಯಲಾಗದ್ದರಿಂದ ಆ ಕೆಲಸ ನಮ್ಮ ಮನೆಯವರದು. ಅವರ ಮುದ್ದೆಯಲ್ಲಿ ಗಂಟು, ನನ್ನ ಬೆರಳಲ್ಲೂ ಗಂಟು. ಇಬ್ಬರೂ ದೂರದೆ ಉಣ್ಣುತ್ತೇವೆ.